ಕಾಲಿನ ಗಾಯವೋ, ಹೃದಯದ ಸೂಚನೆಯೋ?

ಶ್ರಾವಣದ ಒಂದು ಬೆಳಿಗ್ಗೆ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ರಕ್ತಪರೀಕ್ಷೆಯ ವರದಿಯನ್ನು ನೆನೆಯದಂತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಶಿವಮೊಗ್ಗದ ನನ್ನ ಚಿಕಿತ್ಸಾಲಯಕ್ಕೆ ಬಂದರು. ಸಿಆರ್‌ಪಿ ಲೀಟರಿಗೆ 14 ಮಿಲಿಗ್ರಾಂ ಎಂದಿದ್ದ ಸಾಲಿನ ಪಕ್ಕದಲ್ಲಿ ಹೃದಯಕ್ಕೆ ಹೆಚ್ಚಿನ ಅಪಾಯವೆಂದು ಅಚ್ಚಾಗಿತ್ತು. "ಮೂರು ರಾತ್ರಿಯಿಂದ ನಿದ್ದೆ ಇಲ್ಲ, ಡಾಕ್ಟ್ರೇ" ಎಂದರು. ಪಂಚೆಯನ್ನು ಸ್ವಲ್ಪ ಮೇಲೆತ್ತಿಸಿ ನೋಡಿದರೆ, ಉಂಬಳ ಕಚ್ಚಿದ ಜಾಗವನ್ನು ಕೆರೆದು ಕೆರೆದು ಎಡಗಾಲಿನ ಹರಡಿನ ಸುತ್ತ ಚರ್ಮ ಕೆಂಪೇರಿ, ಊದಿ, ಕೀವು ಕಟ್ಟಿತ್ತು.

ಸಿಆರ್‌ಪಿ ಎಂಬುದು ದೇಹದಲ್ಲಿ ಎಲ್ಲಿಯೇ ಉರಿಯೂತವಾದರೂ (ಸೋಂಕಿಗೋ ಗಾಯಕ್ಕೋ ದೇಹ ತೋರುವ ಪ್ರತಿಕ್ರಿಯೆ) ಯಕೃತ್ತು ತಯಾರಿಸಿ ರಕ್ತಕ್ಕೆ ಬಿಡುವ ಪ್ರೋಟೀನು; 1930ರಲ್ಲಿ ಇದನ್ನು ಮೊದಲು ಗುರುತಿಸಿದ್ದು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿಯೇ ಹೊರತು ಹೃದ್ರೋಗಿಗಳಲ್ಲಲ್ಲ. ಹೃದಯದ ಅಪಾಯವನ್ನು ಅಂದಾಜಿಸಲು ಹೈ ಸೆನ್ಸಿಟಿವಿಟಿ ಸಿಆರ್‌ಪಿ ಎಂಬ ಸೂಕ್ಷ್ಮ ಪರೀಕ್ಷೆ ಬೇಕು. ಅದರಲ್ಲಿ ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಅಪಾಯ ಕಡಿಮೆ, 1ರಿಂದ 3 ಮಧ್ಯಮ, 3ಕ್ಕಿಂತ ಮೇಲಿದ್ದರೆ ಹೆಚ್ಚು ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2003ರಲ್ಲಿ ಸೂಚಿಸಿತು. ಅಂಕಿ 10 ದಾಟಿದ್ದರೆ ಮೊದಲು ಸೋಂಕನ್ನೋ ಗಾಯವನ್ನೋ ಹುಡುಕಿ, ಅದು ವಾಸಿಯಾದ ಮೇಲೆ, ಕನಿಷ್ಠ ಎರಡು ವಾರ ಬಿಟ್ಟು, ಮತ್ತೆ ಪರೀಕ್ಷಿಸಬೇಕು. ಮಳೆಗಾಲದ ಜ್ವರ, ಹಲ್ಲಿನ ವಸಡಿನ ಊತ, ಕೆಸರಿನಲ್ಲಾದ ಗಾಯ, ಇವೆಲ್ಲವೂ ಈ ಅಂಕಿಯನ್ನು ಏರಿಸಬಲ್ಲವು. ಕೆಲವು ಪ್ರಯೋಗಾಲಯಗಳು ಲೀಟರಿನ ಬದಲು ಡೆಸಿಲೀಟರಿನ ಲೆಕ್ಕ ಕೊಡುವುದರಿಂದ ಹತ್ತು ಪಟ್ಟು ವ್ಯತ್ಯಾಸವಾಗುತ್ತದೆ. ಅಂಕಿಯ ಮುಂದಿನ ಅಳತೆಯನ್ನೂ ದಯವಿಟ್ಟು ಓದಿ. ಇನ್ನು ಇಎಸ್‌ಆರ್ (ಉರಿಯೂತವನ್ನು ಸೂಚಿಸುವ ಇನ್ನೊಂದು ರಕ್ತಪರೀಕ್ಷೆ) ರಕ್ತಹೀನತೆಯಲ್ಲಿಯೂ ಏರುವುದರಿಂದ ಹೃದಯದ ವಿಚಾರಕ್ಕೆ ನಾನು ಅದನ್ನು ನೆಚ್ಚುವುದಿಲ್ಲ.

ಹಾಗೆಂದು ಉರಿಯೂತಕ್ಕೂ ಹೃದಯಾಘಾತಕ್ಕೂ ನಂಟಿಲ್ಲವೆಂದಲ್ಲ. ರಕ್ತನಾಳದ ಗೋಡೆಯೊಳಗೆ ನುಸುಳಿದ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲನ್ನು ಬಿಳಿ ರಕ್ತಕಣಗಳು ನುಂಗಿ ಅಲ್ಲಿಯೇ ಉಳಿದು, ಉರಿಯೂತವನ್ನು ಜೀವಂತವಾಗಿಡುತ್ತವೆ; ಆ ಗಂಟಿನ ಮೇಲ್ಪದರ ತೆಳುವಾಗಿ ಹರಿದಾಗ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುತ್ತದೆ. ಕೊಲೆಸ್ಟ್ರಾಲನ್ನು ಮುಟ್ಟದೆ ಉರಿಯೂತವನ್ನಷ್ಟೇ ತಗ್ಗಿಸುವ ಔಷಧವೊಂದು ಮತ್ತೆ ಹೃದಯಾಘಾತವಾಗುವುದನ್ನು ಕಡಿಮೆ ಮಾಡಿತೆಂದು 2017ರಲ್ಲಿ ಪ್ರಕಟವಾದ ಕ್ಯಾಂಟೋಸ್ ಅಧ್ಯಯನ ತೋರಿಸಿತು. ಆದರೆ ಆ ಔಷಧದಿಂದ ಮಾರಕ ಸೋಂಕುಗಳೂ ಹೆಚ್ಚಿದವು. ಸಿಆರ್‌ಪಿ ಈ ಕ್ರಿಯೆಯ ಗುರುತೇ ಹೊರತು ಅದರ ಮೂಲವಲ್ಲವೆಂದು ಆನುವಂಶಿಕ ಅಧ್ಯಯನಗಳು ಹೇಳುತ್ತವೆ. ಆದ್ದರಿಂದ ಅಂಕಿಯೊಂದನ್ನೇ ಇಳಿಸಲೆಂದು ಮಾತ್ರೆ ಕೇಳುವವರಿಗೆ ನಾನು ಬರೆದುಕೊಡುವುದಿಲ್ಲ.

ನನಗೆ ನಿಜವಾಗಿ ನೋವಾಗುವುದು ಬೇರೆಯದೇ ವಿಷಯಕ್ಕೆ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದ ಪ್ರಕಾರ, ಮೊದಲ ಹೃದಯಾಘಾತದ ಅಪಾಯದಲ್ಲಿ ಸುಮಾರು ಶೇಕಡಾ 90ರಷ್ಟು ಭಾಗಕ್ಕೆ ತಂಬಾಕು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ರಕ್ತದ ಕೊಬ್ಬು, ಹೊಟ್ಟೆಯ ಬೊಜ್ಜು ಮೊದಲಾದ ಒಂಬತ್ತು ಅಂಶಗಳೇ ಕಾರಣ. ದುಬಾರಿ ಪ್ಯಾಕೇಜಿನ ಪರೀಕ್ಷೆ ಮಾಡಿಸಿಕೊಂಡು ಬರುವ ಎಷ್ಟೋ ಮಂದಿಯ ತೋಳಿಗೆ ವರ್ಷಗಳಿಂದ ಬಿಪಿ ಪಟ್ಟಿ ಸುತ್ತಿರುವುದೇ ಇಲ್ಲ.

ಆ ಬೆಳೆಗಾರರ ಗಾಯ ಮಾಗಿ ಮೂರು ವಾರವಾದ ಮೇಲೆ ಮಾಡಿದ ಸೂಕ್ಷ್ಮ ಪರೀಕ್ಷೆಯಲ್ಲಿ 1.8 ಬಂತು. ಸಮಾಧಾನದಿಂದ ಎದ್ದು ನಿಂತವರನ್ನು ಮತ್ತೆ ಕೂರಿಸಿದೆ. ಎರಡು ಭೇಟಿಯಲ್ಲಿಯೂ ರಕ್ತದೊತ್ತಡ 156ಕ್ಕಿಂತ ಕೆಳಗೆ ಇಳಿದಿರಲಿಲ್ಲ, ಕವಳದ ಸಂಚಿಯಲ್ಲಿ ಹೊಗೆಸೊಪ್ಪಿನ ಎಸಳು ಕಾಣುತ್ತಿತ್ತು. ಹದಿನೆಂಟನೆಯ ವಯಸ್ಸಿನಿಂದ ಇದೆ ಎಂದರು. ಅಂದಿನ ಉಳಿದ ಮಾತೆಲ್ಲ ಆ ಎಸಳಿನ ಕುರಿತೇ ನಡೆಯಿತು.