ಯುದ್ಧಕಾಲದ ಪೋಸ್ಟರ್: ನಮ್ಮನ್ನು ನೋಡುತ್ತಿರುವವರು ಯಾರು?

ಕೊಪ್ಪಳದಲ್ಲಿ ಪರೀಕ್ಷೆಗೆ ಓದಲು ಭಾನುವಾರ ಸೇರುವ ನಮ್ಮ ಓದುಗುಂಪಿಗಾಗಿ ಬರೆದ ಟಿಪ್ಪಣಿ ಇದು. ಪ್ರಚಾರ ಎಂದರೇನು ಎಂಬ ವ್ಯಾಖ್ಯೆ ಎಲ್ಲರ ನೋಟ್‌ಬುಕ್ಕಿನಲ್ಲೂ ಇದೆ. ಅದನ್ನು ಬದಿಗಿಟ್ಟು ಮೊದಲು ಒಂದು ಚಿತ್ರವನ್ನು ನಿಧಾನವಾಗಿ ನೋಡೋಣ.

1915, ಇಂಗ್ಲೆಂಡ್, ಮೊದಲ ಮಹಾಯುದ್ಧದ ಕಾಲ. ಗಂಡಸರನ್ನು ಸೈನ್ಯಕ್ಕೆ ಕರೆಯುವ ಪೋಸ್ಟರ್. ಬರೆದವರು ಸ್ಯಾವಿಲ್ ಲಮ್ಲಿ. ಆರಾಮಕುರ್ಚಿಯಲ್ಲಿ ಒಬ್ಬ ತಂದೆ, ಮಡಿಲಲ್ಲಿ ಮಗಳು, ಅವಳ ಮುಂದೆ ತೆರೆದ ಪುಸ್ತಕ. ನೆಲದ ಮೇಲೆ ಮಗ ಆಟಿಕೆ ಸೈನಿಕರನ್ನು ಜೋಡಿಸುತ್ತಿದ್ದಾನೆ. ಕೆಳಗೆ ಮಗಳ ಪ್ರಶ್ನೆ. ಗ್ರಾಂಥಿಕ ಕನ್ನಡಕ್ಕೆ ತಂದರೆ ಅದರ ಏಟು ಬೀಳುವುದಿಲ್ಲ, ನಮ್ಮ ಮನೆಯ ಮಗು ಕೇಳುವ ಹಾಗೆ ಹೇಳಿಕೊಂಡು ನೋಡಿ: ‘ಅಪ್ಪಾ, ಆ ದೊಡ್ಡ ಯುದ್ಧದಾಗ ನೀ ಏನ್ ಮಾಡಿದಿ?’ ಮೂಲದಲ್ಲೂ ‘ನೀ’ ಎಂಬ ಪದವನ್ನೇ ಒತ್ತಿ ಬರೆದಿದ್ದಾರೆ.

ಇಲ್ಲಿ ಕ್ರಿಯಾಪದದ ಕಾಲವನ್ನು ಗಮನಿಸಿ. ಯುದ್ಧ ಮುಗಿದದ್ದು 1918ರ ನವೆಂಬರಿನಲ್ಲಿ. ಆದರೆ 1915ರಲ್ಲೇ ಮಗಳು ‘ಮಾಡಿದಿ’ ಎಂದು ಕೇಳುತ್ತಿದ್ದಾಳೆ. ಬಹುಶಃ ಇನ್ನೂ ಹುಟ್ಟಿಯೂ ಇಲ್ಲದ ಮಗು, ಮುಂದೆಂದೋ ಕೇಳುವ ಪ್ರಶ್ನೆಯನ್ನು ಇಂದೇ ಗೋಡೆಗೆ ಅಂಟಿಸಿಬಿಟ್ಟಿದ್ದಾರೆ. ಮಗಳು ಅಪ್ಪನ ಮುಖ ನೋಡುತ್ತಾಳೆ, ಅಪ್ಪ ಅವಳ ಕಣ್ಣು ತಪ್ಪಿಸಿ ನಮ್ಮ ಕಡೆ ನೋಡುತ್ತಾನೆ. ಬಂದೂಕಿಲ್ಲ, ರಕ್ತವಿಲ್ಲ, ಶತ್ರುವಿನ ಸುಳಿವೂ ಇಲ್ಲ. ಇಷ್ಟು ಮೆಲ್ಲಗೆ ಮಾತಾಡಿ ಇಷ್ಟು ಆಳಕ್ಕೆ ಇಳಿಯುವ ಇನ್ನೊಂದು ಪೋಸ್ಟರನ್ನು ನಾನು ಕಂಡಿಲ್ಲ. ಮಗುವಿನ ಪ್ರೀತಿಯನ್ನೇ ಹೀಗೆ ಬಳಸಿಕೊಂಡದ್ದು ಕ್ರೂರ ಎಂದೂ ನನಗನ್ನಿಸುತ್ತದೆ.

ನಾಚಿಕೆಯನ್ನೇ ಏಕೆ ಕೆಣಕಬೇಕಿತ್ತು? ಬ್ರಿಟನ್ನಿನಲ್ಲಿ ಕಡ್ಡಾಯ ಸೇನಾ ಸೇವೆಯ ಕಾನೂನು ಬಂದದ್ದು 1916ರ ಜನವರಿಯಲ್ಲಿ. ಅಲ್ಲಿಯವರೆಗೆ ಯಾರನ್ನೂ ಎಳೆದೊಯ್ಯುವಂತಿರಲಿಲ್ಲ, ಅವರೇ ಎದ್ದು ಬರುವಂತೆ ಮಾಡಬೇಕಿತ್ತು. ಉತ್ತರ ಬರೆಯುವಾಗ ಈ ಕಾರಣ ಬಿಡಬೇಡಿ.

ಇನ್ನು ಬೆರಳು ತೋರಿಸುವ ಕಿಚನರ್, ಅಂದಿನ ಬ್ರಿಟಿಷ್ ಯುದ್ಧಮಂತ್ರಿ. ಆಲ್ಫ್ರೆಡ್ ಲೀಟ್ ಬರೆದ ಈ ಚಿತ್ರ ಮೊದಲು ಬಂದದ್ದು 1914ರ ಸೆಪ್ಟೆಂಬರ್ 5ರ ಒಂದು ವಾರಪತ್ರಿಕೆಯ ಮುಖಪುಟದಲ್ಲಿ. ಗೋಡೆ ಬರಹದ ಕೆಲಸ ಮಾಡುವ ನಮ್ಮ ಮಾಮನಿಗೆ ಜೆರಾಕ್ಸ್ ಪ್ರತಿ ತೋರಿಸಿದೆ. ತುಸು ಹೊತ್ತು ನೋಡಿ, ‘ಕೈ ಅಡ್ಡಕ್ಕ ಬರಿಯಂದ್ರ ಯಾರಾದ್ರೂ ಬರೀತಾರ, ಇದು ಎದುರಿಗೆ ಬರೋ ಕೈ’ ಅಂದರು. ಹಾಳೆಯನ್ನು ಗೋಡೆಗೆ ಹಚ್ಚಿ ನನ್ನನ್ನು ಬಾಗಿಲ ತನಕ ನಡೆಸಿದರು. ಎಡಕ್ಕೆ ಸರಿದರೂ ಬಲಕ್ಕೆ ಸರಿದರೂ ಆ ಬೆರಳು, ಆ ಕಣ್ಣು ನನ್ನ ಮೇಲೇ. ಕಣ್ಣುಗುಡ್ಡೆಯನ್ನು ನಟ್ಟನಡುವೆ ಇಟ್ಟು, ಬೆರಳ ತುದಿಯನ್ನು ನೇರ ಮುಂದಕ್ಕೆ ಬರೆದರೆ ಹೀಗಾಗುತ್ತದೆ. ಅಮೆರಿಕದ ಚಿತ್ರಕಾರ ಜೇಮ್ಸ್ ಫ್ಲ್ಯಾಗ್ ತನ್ನದೇ ಮುಖವನ್ನು ಮಾದರಿಯಾಗಿಟ್ಟುಕೊಂಡು ಬರೆದ, ಅಮೆರಿಕ ದೇಶದ ಸಂಕೇತವಾದ ಅಂಕಲ್ ಸ್ಯಾಮ್ ಪೋಸ್ಟರಿನದೂ ಇದೇ ತಂತ್ರ, 1917–18ರಲ್ಲಿ ಅದರ 40 ಲಕ್ಷಕ್ಕೂ ಹೆಚ್ಚು ಪ್ರತಿ ಅಚ್ಚಾದವು. ಎರಡನೆಯ ಮಹಾಯುದ್ಧದ ಕಾಲದ, 1941ರ ಸೋವಿಯತ್ ಪೋಸ್ಟರಿನಲ್ಲಿ ಕೆಂಪು ಉಡುಪಿನ ತಾಯಿ ಸೈನಿಕನ ಪ್ರತಿಜ್ಞೆಯ ಹಾಳೆ ಹಿಡಿದು ನಮ್ಮನ್ನೇ ನೋಡುತ್ತಾಳೆ.

ಯಾರೂ ನಮ್ಮನ್ನು ನೋಡದ ಪೋಸ್ಟರ್ ಒಂದಿದೆ. 1915ರ ಮೇ 7ರಂದು ಲುಸಿಟಾನಿಯಾ ಎಂಬ ಬ್ರಿಟಿಷ್ ಪ್ರಯಾಣಿಕರ ಹಡಗನ್ನು ಜರ್ಮನ್ ಜಲಾಂತರ್ಗಾಮಿ ಮುಳುಗಿಸಿದ ಮೇಲೆ ಅಮೆರಿಕದ ಫ್ರೆಡ್ ಸ್ಪಿಯರ್ ಬರೆದದ್ದು: ಹಸಿರು ನೀರಿನಲ್ಲಿ ಕೂಸನ್ನು ಅವಚಿಕೊಂಡು ಮುಳುಗುತ್ತಿರುವ ತಾಯಿ. ‘ಸೈನ್ಯಕ್ಕೆ ಸೇರು’ ಎಂಬರ್ಥದ ಒಂದೇ ಒಂದು ಪದ. ಅವಳ ಕಣ್ಣು ಮುಚ್ಚಿವೆ. ನೋಡುವ ಕೆಲಸವನ್ನೆಲ್ಲ ನಮಗೇ ಬಿಟ್ಟಿದ್ದಾರೆ.

ಪರೀಕ್ಷೆಯಲ್ಲಿ ಹಲವರು ಜಾರುವ ಜಾಗ: ಚಿತ್ರ ಮನಸ್ಸು ಕಲಕುತ್ತದೆ ಎಂದಮಾತ್ರಕ್ಕೆ ಅದರಿಂದಲೇ ಸೈನ್ಯ ತುಂಬಿತು ಎಂದು ಬರೆಯುವುದು. ಬ್ರಿಟನ್ನಿನ ಯುವಕರು ಅತಿ ಹೆಚ್ಚು ಮುಗಿಬಿದ್ದದ್ದು 1914ರ ಸೆಪ್ಟೆಂಬರಿನ ಮೊದಲ ದಿನಗಳಲ್ಲಿ, ಕಿಚನರ್ ಚಿತ್ರದ ಆ ಮುಖಪುಟ ಹೊರಬಂದ ವಾರದಲ್ಲೇ. ಅದು ಪೋಸ್ಟರಾದದ್ದು ನಂತರ. ತೋಳು ಮಡಚಿ ಬಲ ತೋರಿಸುತ್ತ ನಿಂತ ಹೆಣ್ಣುಮಗಳ 1943ರ ಅಮೆರಿಕನ್ ಚಿತ್ರವೂ ಹಾಗೆಯೇ. ಯುದ್ಧಕಾಲದಲ್ಲಿ ಅದು ಒಂದು ಕಂಪನಿಯ ಕಾರ್ಖಾನೆಗಳ ಒಳಗೆ ಸುಮಾರು ಎರಡು ವಾರ ಮಾತ್ರ ಇತ್ತು, ಹೆಸರಾದದ್ದು 1980ರ ದಶಕದಲ್ಲಿ.

ದ್ವೇಷದ ಪೋಸ್ಟರುಗಳಲ್ಲಿ ಅಮೆರಿಕದ ಚಿತ್ರಕಾರ ಹಾಪ್ಸ್ ಬರೆದ 1917ರದ್ದನ್ನು ನೋಡಿದರೆ ಸಾಕು: ಜರ್ಮನ್ ಶಿರಸ್ತ್ರಾಣ ತೊಟ್ಟ ಗೊರಿಲ್ಲಾ, ಒಂದು ಕೈಯಲ್ಲಿ ದೊಣ್ಣೆ, ಇನ್ನೊಂದರಲ್ಲಿ ಅವಚಿ ಹಿಡಿದ ಹೆಣ್ಣು. ಅದೇ 1917ರಲ್ಲಿ ನಮ್ಮ ಪಕ್ಕದ ಬಳ್ಳಾರಿಯ ಶಿಬಿರದಲ್ಲಿ, ಜರ್ಮನಿಯ ಜೊತೆ ನಿಂತಿದ್ದ ತುರ್ಕಿಯ ಕೈದಿಗಳಿದ್ದರು. ರೆಡ್ ಕ್ರಾಸ್ ಸಮಿತಿಯವರು ಬಂದು ಅವರ ಸ್ಥಿತಿಗತಿ ನೋಡಿ ವರದಿ ಬರೆದರು. ಶತ್ರು ಪಕ್ಷದ ಆ ಮನುಷ್ಯರು ಬಳ್ಳಾರಿಯ ಬಿಸಿಲಿನಲ್ಲಿ ಬದುಕುತ್ತಿದ್ದ ವರ್ಷವೇ ಹಾಳೆಯ ಮೇಲೆ ಶತ್ರು ಗೊರಿಲ್ಲಾ ಆಗಿದ್ದ. ಈ ಎರಡನ್ನೂ ಒಟ್ಟಿಗೆ ಇಟ್ಟು ಓದಿ.

ಕೊನೆಗೆ ನಮ್ಮದೇ ವೀರಗಲ್ಲು. ಸಾಮಾನ್ಯವಾಗಿ ಮೂರು ಪಟ್ಟಿಕೆ: ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದ ವೀರ. ಎಷ್ಟೋ ಕಲ್ಲುಗಳ ಮೇಲಿರುವ ಸಂಸ್ಕೃತ ಶ್ಲೋಕದ ಅರ್ಥ: ಗೆದ್ದರೆ ಲಕ್ಷ್ಮಿ, ಸತ್ತರೆ ಸುರಾಂಗನೆ, ಕ್ಷಣದಲ್ಲಿ ಅಳಿಯುವ ದೇಹಕ್ಕೆ ರಣದಲ್ಲಿ ಸಾಯುವ ಚಿಂತೆ ಏಕೆ? ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲು, ಆದರೆ ಶ್ಲೋಕ ಮಾತಾಡುವುದು ಇನ್ನೂ ಹೋಗದವರ ಜೊತೆ. ನಮ್ಮೂರ ಹನುಮಪ್ಪನ ಗುಡಿ ಮುಂದೆ ಇಂಥದೊಂದಿದೆ. ಹೋದ ವಾರ ಬಗ್ಗಿ ನೋಡಿದೆ. ಕಾಳಗದ ಪಟ್ಟಿಕೆ ಪೂರ್ತಿ ಮಣ್ಣಿನೊಳಗೆ ಇಳಿದಿದೆ, ನೆಲದ ಮೇಲೆ ಉಳಿದಿರುವುದು ಅಪ್ಸರೆಯರು ಮತ್ತು ಲಿಂಗ.