ಶ್ರುತಿ ಬಿಡಿಸಿಕೊಳ್ಳುವ ಮೀನುಗಳು

ಅಕ್ವೇರಿಯಂ ಅಂಗಡಿಗಳಲ್ಲಿ ‘ಬ್ಲ್ಯಾಕ್ ಘೋಸ್ಟ್’ ಎಂಬ ಮೀನು ಸಿಗುತ್ತದೆ. ಮೈಯೆಲ್ಲ ಇದ್ದಿಲಿನಂಥ ಕಪ್ಪು, ಬಾಲದ ಹತ್ತಿರ ಎರಡು ಬಿಳಿ ಪಟ್ಟೆ. ಮುಂದಕ್ಕೆ ಈಜಿದಷ್ಟೇ ಸಲೀಸಾಗಿ ಹಿಂದಕ್ಕೂ ಈಜುತ್ತದೆ. ಕೊಂಡು ತಂದವರ ಗೊಣಗಾಟ ಮಾತ್ರ ಒಂದೇ: ಹಗಲೆಲ್ಲ ಯಾವುದೋ ಪೈಪಿನೊಳಗೆ ಅಡಗಿ ಕೂತಿರುತ್ತದೆ, ಕಾಣುವುದೇ ಇಲ್ಲ.

ಕಾಣದಿದ್ದರೆ ಬೇಡ, ಕೇಳಿಸಿಕೊಳ್ಳಬಹುದು. ತೊಟ್ಟಿಯ ನೀರಿಗೆ ಎರಡು ತಂತಿ ಇಳಿಬಿಟ್ಟು, ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಆಂಪ್ಲಿಫೈಯರ್‌ಗೂ ಸ್ಪೀಕರ್‌ಗೂ ಜೋಡಿಸಿದರೆ ಸಾಕು. (ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಆಂಪ್ಲಿಫೈಯರ್ ಖಂಡಿತ ಬೇಡ.) ಒಂದೇ ಸಮನೆ ಹಿಡಿದ ಶ್ರುತಿ ಕೇಳುತ್ತದೆ, ಸೆಕೆಂಡಿಗೆ ಸಾವಿರದ ಆಸುಪಾಸು ಕಂಪನ. ಆ ಮೀನು ಬಾಲದ ಕಡೆಯಿಂದ ಅಷ್ಟು ಸಲ ನೀರಿಗೆ ಕರೆಂಟು ಬಿಡುತ್ತಿದೆ. ಹಗಲು ರಾತ್ರಿ, ಎಚ್ಚರ ನಿದ್ದೆ ಎನ್ನದೆ, ಬದುಕಿರುವಷ್ಟು ಕಾಲ.

ವಿದ್ಯುತ್ ಮೀನು ಎಂದ ಕೂಡಲೇ ನೆನಪಾಗುವುದು ಅಮೆಜಾನಿನ ಎಲೆಕ್ಟ್ರಿಕ್ ಈಲ್. ಅದರದ್ದು 860 ವೋಲ್ಟ್‌ವರೆಗಿನ ಏಟು. ನಮ್ಮ ಕಪ್ಪು ಮೀನಿನದ್ದು ಮಿಲಿವೋಲ್ಟ್ ಲೆಕ್ಕ. ನೀರಿಗೆ ಕೈ ಹಾಕಿದರೂ ಏನೂ ಗೊತ್ತಾಗದು. ಇದರಿಂದ ಬೇಟೆಯೂ ಆಗದು, ಕಾವಲೂ ಆಗದು. ಹಾಗಾದರೆ ಯಾಕೆ ಬೇಕು?

ಕೇಂಬ್ರಿಜ್‌ನ ಪ್ರಾಣಿವಿಜ್ಞಾನಿ ಹಾನ್ಸ್ ಲಿಸ್‌ಮನ್ ಅವರನ್ನು ಕಾಡಿದ್ದೂ ಇದೇ ಪ್ರಶ್ನೆ. ಅವರ ಮೀನು ಆಫ್ರಿಕಾದ ಜಿಮ್ನಾರ್ಕಸ್. ಅದೂ ಹಿಮ್ಮುಖವಾಗಿ ಈಜುತ್ತ, ಎಲ್ಲೂ ತಾಗದೆ ಸಂದುಗಳಲ್ಲಿ ನುಸುಳುತ್ತಿತ್ತು. ಬೆನ್ನ ಹಿಂದೆ ಕಣ್ಣಿಲ್ಲವಲ್ಲ! ಅದರ ಬಾಲದಿಂದ ಸದಾ ಕರೆಂಟು ಹೊರಡುತ್ತಿದೆ ಎಂದು ಅವರು 1951ರಲ್ಲಿ ಪ್ರಕಟಿಸಿದರು. ಆಮೇಲೆ ಮಾಡಿದ ಪ್ರಯೋಗ ಸರಳ, ಚೆಂದ. ನೀರು ಜಿನುಗುವ ಮಣ್ಣಿನ ಕುಡಿಕೆಗಳು, ನೋಡಲು ಎಲ್ಲವೂ ಒಂದೇ. ಒಂದರೊಳಗೆ ಬರೀ ನೀರು, ಇನ್ನೊಂದರೊಳಗೆ ಗಾಜಿನ ಕಡ್ಡಿ. ನೀರಿನಲ್ಲಿ ಕರೆಂಟು ಹರಿಯುತ್ತದೆ, ಗಾಜಿನಲ್ಲಿ ಹರಿಯದು. ಯಾವ ಕುಡಿಕೆಯಲ್ಲಿ ಏನಿದೆ ಎಂದು ಮೀನು ಹೊರಗಿನಿಂದಲೇ ಗುರುತಿಸಲು ಕಲಿಯಿತು.

ಅಂದರೆ ಈ ಮೀನುಗಳು ತಾವೇ ಹಚ್ಚಿದ ದೀಪದಲ್ಲಿ ನೋಡುತ್ತವೆ. ಮೈಸುತ್ತ ಹರಡಿದ ಕರೆಂಟಿಗೆ ಕಲ್ಲೋ ಹುಳುವೋ ಅಡ್ಡ ಬಂದರೆ, ಅದರ ನೆರಳು ಚರ್ಮದ ಮೇಲೆ ಬೀಳುತ್ತದೆ. ಆ ನೆರಳನ್ನು ಓದಲು ಮೈತುಂಬ ಸಂವೇದಕಗಳಿವೆ. ಮೈ ಬಳುಕಿದರೆ ನೆರಳೂ ಕಲಸಿಹೋಗುತ್ತದೆ. ಅದಕ್ಕೇ ಇವು ಬೆನ್ನುಮೂಳೆ ನೆಟ್ಟಗಿಟ್ಟುಕೊಂಡು, ಉದ್ದನೆಯ ಒಂದೇ ರೆಕ್ಕೆಯನ್ನು ಅಲೆ ಅಲೆಯಾಗಿ ಆಡಿಸಿ ಈಜುತ್ತವೆ. ಜಿಮ್ನಾರ್ಕಸ್‌ಗೆ ಆ ರೆಕ್ಕೆ ಬೆನ್ನ ಮೇಲಿದೆ, ಬ್ಲ್ಯಾಕ್ ಘೋಸ್ಟ್‌ನಂಥ ದಕ್ಷಿಣ ಅಮೆರಿಕದ ಮೀನುಗಳಿಗೆ ಹೊಟ್ಟೆಯ ಕೆಳಗೆ. ಎರಡೂ ಖಂಡದ ಗುಂಪುಗಳು ಈ ವಿದ್ಯೆಯನ್ನು ಬೇರೆ ಬೇರೆಯಾಗಿಯೇ ಕಲಿತವು.

ಒಂದೇ ಮೀನಿದ್ದಾಗ ಎಲ್ಲ ಸರಿ. ಪಕ್ಕಕ್ಕೆ ಇನ್ನೊಂದು ಬಂದರೆ?

ತಂಬೂರಿ ಶ್ರುತಿ ಮಾಡುವುದನ್ನು ನೋಡಿದವರಿಗೆ ಇದು ಗೊತ್ತು. ಎರಡು ತಂತಿಗಳ ನಡುವೆ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೆ ನಾದ ಉಬ್ಬುತ್ತದೆ, ತಗ್ಗುತ್ತದೆ, ಮತ್ತೆ ಉಬ್ಬುತ್ತದೆ. ಆ ಅಲೆ ನಿಲ್ಲುವವರೆಗೆ ಬಿರಡೆ ತಿರುಗಿಸುತ್ತಾರೆ. ಐಗನ್‌ಮ್ಯಾನಿಯಾ ಎಂಬ ದಕ್ಷಿಣ ಅಮೆರಿಕದ ಮೀನುಗಳ ಶ್ರುತಿ ಸೆಕೆಂಡಿಗೆ ಸುಮಾರು 250ರಿಂದ 600. ಒಂದು 400ರಲ್ಲೂ ಇನ್ನೊಂದು 404ರಲ್ಲೂ ಇದ್ದರೆ ನೀರಿನ ಕರೆಂಟು ಸೆಕೆಂಡಿಗೆ ನಾಲ್ಕು ಸಲ ಉಬ್ಬಿ ತಗ್ಗುತ್ತದೆ. ಅಡ್ಡ ಬಂದ ಹುಳುವಿನ ನೆರಳೂ ಹೆಚ್ಚುಕಮ್ಮಿ ಅದೇ ವೇಗದಲ್ಲಿ ಆಡುವುದರಿಂದ ಎರಡೂ ಬೆರೆತು ಗೊಂದಲ. ಆಗ ಮೀನು ತಂಬೂರಿಯವರ ಉಲ್ಟಾ ಕೆಲಸ ಮಾಡುತ್ತದೆ, ಶ್ರುತಿ ಬಿಡಿಸಿಕೊಳ್ಳುತ್ತದೆ. 400ರದ್ದು ಕೆಳಗಿಳಿಯುತ್ತದೆ, 404ರದ್ದು ಮೇಲೇರುತ್ತದೆ. ವ್ಯತ್ಯಾಸ ಹೆಚ್ಚಾಗಿ ಅಲೆ ಚುರುಕಾದರೆ ಅದು ತೊಂದರೆ ಕೊಡದು. ಜಪಾನಿನ ವಟನಬೆ ಮತ್ತು ತಕೆಡಾ ಇದನ್ನು 1963ರಲ್ಲಿ ವರದಿ ಮಾಡಿದರು.

ಇಲ್ಲಿ ನನ್ನನ್ನು ಬೆರಗಾಗಿಸುವುದು ಮೀನಿನ ಸೌಜನ್ಯವಲ್ಲ, ಅದರ ಲೆಕ್ಕ. ನೆರೆಯ ಮೀನಿನ ಶ್ರುತಿ ತನ್ನದಕ್ಕಿಂತ ಮೇಲಿದೆಯೋ ಕೆಳಗಿದೆಯೋ ಎಂದು ಗೊತ್ತಾಗುವುದು ಹೇಗೆ? 396 ಆದರೂ 404 ಆದರೂ ಅಲೆ ಸೆಕೆಂಡಿಗೆ ನಾಲ್ಕೇ. ‘ನನ್ನ ಶ್ರುತಿ ಇಷ್ಟು’ ಎಂದು ಮಿದುಳೇ ಒಳಗಿಂದ ಹೇಳಿಕೊಟ್ಟರೆ ಹೋಲಿಸುವುದು ಸುಲಭ. ಅಮೆರಿಕದ ಸ್ಯಾನ್ ಡಿಯಾಗೊದ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯಲ್ಲಿ ವಾಲ್ಟರ್ ಹೈಲಿಗೆನ್‌ಬರ್ಗ್ ಮೀನಿನ ಕರೆಂಟನ್ನು ಮದ್ದಿನಿಂದ ನಿಲ್ಲಿಸಿ, ಅದರ ಬದಲು ಹೊರಗಿನಿಂದ ಬೇರೆಯೇ ಶ್ರುತಿಯ ಕರೆಂಟು ಕೊಟ್ಟರು. ಮೀನು ಅದನ್ನೇ ತನ್ನದೆಂದುಕೊಂಡು ಸರಿಯಾಗಿಯೇ ಉತ್ತರ ಕೊಟ್ಟಿತು. ಒಳಗಿನ ಸುದ್ದಿ ಅದಕ್ಕೆ ಬೇಕಾಗಿಲ್ಲ, ಚರ್ಮಕ್ಕೆ ತಾಗಿದ್ದಷ್ಟೇ ಸಾಕು.

ಗುಟ್ಟು ಇರುವುದು ಚರ್ಮದ ಬೇರೆ ಬೇರೆ ಜಾಗಗಳಲ್ಲಿ. ನೆರೆಯ ಕರೆಂಟು ಮೈಯ ಒಂದು ಕಡೆ ಜಾಸ್ತಿ ಬೆರೆಯುತ್ತದೆ, ಇನ್ನೊಂದು ಕಡೆ ಕಮ್ಮಿ. ಜಾಸ್ತಿ ಬೆರೆತ ಕಡೆ ಬರೀ ಬಲ ಏರಿಳಿಯುವುದಿಲ್ಲ, ಲಯವೂ ಒಂದಿಷ್ಟು ಹಿಂದುಮುಂದಾಗುತ್ತದೆ. ನೆರೆಯ ಶ್ರುತಿ ಮೇಲಿದ್ದರೆ ಬಲ ಏರುವಾಗ ಲಯ ಹಿಂದುಳಿಯುತ್ತದೆ, ಇಳಿಯುವಾಗ ಮುಂದೋಡುತ್ತದೆ. ಕೆಳಗಿದ್ದರೆ ಇದಕ್ಕೆ ತದ್ವಿರುದ್ಧ. ಮೀನು ಮೈಯ ಜಾಗ ಜಾಗಗಳನ್ನು ಒಂದಕ್ಕೊಂದು ಹೋಲಿಸಿ ಇದನ್ನು ಹಿಡಿಯುತ್ತದೆ. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದ ಅರ್ಧಕ್ಕಿಂತ ಕಮ್ಮಿ ವ್ಯತ್ಯಾಸವಿದ್ದರೂ ಅದಕ್ಕೆ ಗೊತ್ತಾಗುತ್ತದೆ. ಒಂದು ನರಕೋಶದ ಮಿಡಿತವೇ ಇದಕ್ಕಿಂತ ಸಾವಿರಾರು ಪಟ್ಟು ದೊಡ್ಡದು! ಆಫ್ರಿಕಾದ ಜಿಮ್ನಾರ್ಕಸ್ ಕೂಡ ಇದೇ ಲೆಕ್ಕ ಹಾಕುತ್ತದೆ ಎಂದು ಮಸಾಶಿ ಕವಾಸಾಕಿ ತೋರಿಸಿದರು. ಎರಡಕ್ಕೂ ನಂಟಿಲ್ಲ, ಉಪಾಯ ಮಾತ್ರ ಒಂದೇ.

ದೀಪವೆಂದೆ. ಆದರೆ ಈ ದೀಪವೇ ಮಾತು ಕೂಡ. ಸ್ಟರ್ನೋಪೈಗಸ್ ಎಂಬ ಮೀನಿನಲ್ಲಿ ಬೆಳೆದ ಗಂಡಿನ ಶ್ರುತಿ ತಗ್ಗು, ಹೆಣ್ಣಿನದು ಎತ್ತರ. ಕಾರ್ಲ್ ಹಾಪ್ಕಿನ್ಸ್ 1972ರಲ್ಲಿ ಇದನ್ನು ಪ್ರಕಟಿಸಿದರು. ಕೆಲವು ಗಂಡುಗಳ ಶ್ರುತಿ ನಮ್ಮ ಮನೆಯ ಕರೆಂಟಿನ 50 ಹರ್ಟ್ಸ್‌ಗೆ ಹತ್ತಿರ ಬರುತ್ತದೆ. ಹಳೇ ಟ್ಯೂಬ್‌ಲೈಟಿನ ಚೋಕು ಗುಂಯ್ ಎನ್ನುತ್ತದಲ್ವಾ, ಅದರ ಬಂಧು ಎನ್ನಬಹುದು. ಬ್ಲ್ಯಾಕ್ ಘೋಸ್ಟ್‌ನ ಕುಟುಂಬದವು ಜಗಳಕ್ಕೂ ಪ್ರಣಯಕ್ಕೂ ಶ್ರುತಿಯನ್ನು ಕ್ಷಣಮಾತ್ರ ಮೇಲಕ್ಕೆ ಚಿಮ್ಮಿಸುತ್ತವೆ. ಕೇಳಿದರೆ ಹಕ್ಕಿ ಚಿಲಿಪಿಲಿ ಎಂದಂತಿರುತ್ತದೆ. ನೀರಿನಲ್ಲಿ ಕರೆಂಟಿಗೆ ಪ್ರತಿಧ್ವನಿಯಿಲ್ಲ. ಹೇಳಿದ್ದು ರೂಪ ಕೆಡದೆ ಮುಟ್ಟುತ್ತದೆ, ಆದರೆ ದೂರ ಹೋಗದು. ಒಂದೆರಡು ಮೀಟರ್ ದಾಟಿದರೆ ಮುಗಿಯಿತು.

ಮಾತೆಂದ ಮೇಲೆ ಕದ್ದು ಕೇಳುವವರೂ ಇರಬೇಕಲ್ಲ. ಬೆಕ್ಕುಮೀನುಗಳಿಗೆ ತಗ್ಗು ಶ್ರುತಿಯ ಕರೆಂಟು ತಿಳಿಯುತ್ತದೆ. ಅದಕ್ಕೆಂದೇ ಬ್ರಾಕಿಹೈಪೋಪೋಮಸ್ ಎಂಬ ಚಿಕ್ಕ ಮೀನು ತನ್ನ ಮಿಡಿತದ ಹಿಂದೆಯೇ ತಲೆಕೆಳಗಾದ ಇನ್ನೊಂದು ಅಲೆ ಸೇರಿಸುತ್ತದೆ. ತಗ್ಗಿನ ಭಾಗ ಬಹುಪಾಲು ಅಳಿಸಿಹೋಗುತ್ತದೆ. ಗಂಡುಗಳು ರಾತ್ರಿ ಹೆಣ್ಣಿಗೆ ಕೇಳಲೆಂದು ಆ ಎರಡನೇ ಅಲೆಯನ್ನು ಹಿಗ್ಗಿಸುತ್ತವೆ, ಹಗಲಿಗೆ ಮತ್ತೆ ಕುಗ್ಗಿಸುತ್ತವೆ. ಪುಗಸಟ್ಟೆ ಕೆಲಸವಲ್ಲ ಇದು. ಗಂಡಿನ ಶಕ್ತಿಯ ಖರ್ಚಿನಲ್ಲಿ ಶೇಕಡಾ 11ರಿಂದ 22ರಷ್ಟು ಈ ಕರೆಂಟಿಗೇ ಹೋಗುತ್ತದೆ. ಹೆಣ್ಣಿಗೆ ಶೇಕಡಾ 3 ಸಾಕು.

ಆಫ್ರಿಕಾದ ಆನೆಸೊಂಡಿಲು ಮೀನಿನ ದಾರಿಯೇ ಬೇರೆ. ಅದು ಶ್ರುತಿ ಹಿಡಿಯುವುದಿಲ್ಲ, ಬಿಡಿ ಬಿಡಿಯಾಗಿ ಟಕ್ ಟಕ್ ಎನ್ನುತ್ತದೆ. ಹೆದರಿದಾಗ, ಜಗಳದಲ್ಲಿ ಸೋತಾಗ, ಸುಮ್ನಾಗಿಬಿಡುತ್ತದೆ. ಆಗ ನೆರೆಯವರಿಗೆ ಅದರ ಸುಳಿವಿಲ್ಲ. ಅದಕ್ಕೂ ಅಷ್ಟೇ, ದೀಪ ಆರಿದೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಒಂದು ಟಕ್.