ಮೋಲ್ ರ‍್ಯಾಟ್‌ಗಳದ್ದು ಒಂದು ಕುಟುಂಬವೋ, ಎರಡೋ?

ನೆಲದಡಿ ಬಿಲ ತೋಡಿ ಬಾಳುವ, ಇಲಿಯಂತೆ ಕಾಣುವ ಆಫ್ರಿಕಾದ ಮೋಲ್ ರ‍್ಯಾಟ್‌ಗಳ ಬಗ್ಗೆ ಎರಡು ಪುಸ್ತಕ ತೆರೆದರೆ ಎರಡು ಲೆಕ್ಕ ಸಿಗಬಹುದು. ಒಂದರಲ್ಲಿ ಎಲ್ಲವೂ ಬ್ಯಾಥಿಯೆರ್ಜಿಡೇ ಎಂಬ ಒಂದೇ ಕುಟುಂಬ. ಇನ್ನೊಂದರಲ್ಲಿ ಬೋಳು ಮೋಲ್ ರ‍್ಯಾಟ್ ಮನೆ ಬಿಟ್ಟು ಬೇರೆ ಸಂಸಾರ ಹೂಡಿದೆ.

ಈ ಗೊಂದಲಕ್ಕೆ ಮಣ್ಣೂ ಒಂದು ಕಾರಣ. ಬಿಲದೊಳಗೇ ಬಾಳುವ ಪ್ರಾಣಿಗೆ ದೊಡ್ಡ ಕಿವಿ, ಚುರುಕು ಕಣ್ಣು ಬೇಡ. ಹಾಗಾಗಿ ಯಾವ ವಂಶದ್ದಾದರೂ ಕೊನೆಗೆ ಒಂದೇ ಅಚ್ಚಿಗೆ ಬರುತ್ತದೆ. ಪೂರ್ವ ಆಫ್ರಿಕಾದ ಟ್ಯಾಕಿಯೊರಿಕ್ಟಿಸ್ ಎಂಬ ಬಿಲವಾಸಿ ನೋಡಲು ಹೀಗೇ ಇದೆ, ಆದರೆ ಅದು ಇಲಿಗಳ ಕಡೆಯದು. ಬ್ಯಾಥಿಯೆರ್ಜಿಡೇಗಳು ಮುಳ್ಳುಹಂದಿ, ಗಿನಿ ಪಿಗ್‌ಗಳ ನೆಂಟರು.

ಅದೂ ಸುಲಭವಾಗಿ ಗೊತ್ತಾಗಲಿಲ್ಲ. 1778ರಲ್ಲಿ ಕೇಪ್‌ನ ಜಾತಿಗೆ ಹೆಸರು ಬಂತು, 1842ರಲ್ಲಿ ಬೋಳು ಜಾತಿಗೆ. 1855ರಲ್ಲಿ ಪ್ರಾಣಿಶಾಸ್ತ್ರಜ್ಞ ಬ್ರಾಂಟ್ ಅಗಿಯುವ ಸ್ನಾಯು ನೋಡಿ ದಂಶಕಗಳನ್ನು (ಇಲಿ, ಅಳಿಲು, ಮುಳ್ಳುಹಂದಿಗಳಂಥ ಕಡಿಯುವ ಪ್ರಾಣಿಗಳನ್ನು) ವಿಂಗಡಿಸಿದರು, 1899ರಲ್ಲಿ ಟುಲ್‌ಬರ್ಗ್ ದವಡೆಯ ಮೂಳೆ ನೋಡಿ. ಮೂಳೆ ನೋಡಿದರೆ ಇವು ಮುಳ್ಳುಹಂದಿ ಕಡೆ, ಸ್ನಾಯು ನೋಡಿದರೆ ಅಲ್ಲ. ತ್ರಿಶಂಕು ಸ್ಥಿತಿ. ಡಿಎನ್ಎ ಬಂದ ಮೇಲೆ ಮೂಳೆಯೇ ಗೆದ್ದಿತು.

ನಿಜವಾದ ಸಿಕ್ಕು ಕ್ರಿಪ್ಟೊಮಿಸ್ ಕುಲದ್ದು (ಕುಲವೆಂದರೆ ಕುಟುಂಬದೊಳಗಿನ, ಹತ್ತಿರದ ಜಾತಿಗಳ ಗುಂಪು). ಕೂದಲಿರುವ ಸಣ್ಣ ಮೋಲ್ ರ‍್ಯಾಟ್‌ಗಳನ್ನು ಬಹುಕಾಲ ಸುಮ್ನೆ ಈ ಒಂದೇ ಚೀಲಕ್ಕೆ ತುಂಬಿದ್ದರು. ಕ್ರೋಮೋಸೋಮ್ ಎಣಿಸಿದಾಗ ಚೀಲ ಹರಿಯಿತು. ದಕ್ಷಿಣ ಆಫ್ರಿಕಾದವಕ್ಕೆ 54. ಜಾಂಬಿಯಾದ ಲುಸಾಕಾ ಸುತ್ತಲಿನವಕ್ಕೆ 68, ಅದೇ ದೇಶದ ಕಾಫುಯೆ ಕಡೆಯವಕ್ಕೆ 58. ಮೆಕೋವ್ ಎಂಬ ದೈತ್ಯ ಜಾತಿಗೆ ಬರೀ 40! 1999ರಲ್ಲಿ ಲುಸಾಕಾ, ಕಾಫುಯೆಯವು ಬೇರೆ ಬೇರೆ ಜಾತಿಗಳಾದವು. ಎಣಿಕೆಯೊಂದನ್ನೇ ನಂಬಿದ್ದರೆ ಗುಡ್ಡಕ್ಕೊಂದು ಜಾತಿ ಹುಟ್ಟುತ್ತಿತ್ತೇನೋ. ಪುಣ್ಯಕ್ಕೆ ಡಿಎನ್ಎಯನ್ನೂ ನೋಡಿದರು. 2004ರಲ್ಲಿ ಕುಲವನ್ನೇ ಎರಡು ಮಾಡಿ, ಹೊಸದಕ್ಕೆ ಸೀಟೊಮಿಸ್ ಎಂಬ ಹಳೆಯ ಹೆಸರು ಕೊಟ್ಟರು. ನಾಮಕರಣದ ನಿಯಮ ಒಪ್ಪಲಿಲ್ಲ. 2006ರಲ್ಲಿ ಅದು ಫುಕೊಮಿಸ್ ಆಯಿತು. ಸ್ವಾಹಿಲಿಯಲ್ಲಿ ‘ಫುಕೊ’ ಎಂದರೆ ಇದೇ ಪ್ರಾಣಿ. ಇಷ್ಟು ತಡವಾಗಿಯಾದರೂ ಆ ನೆಲದ ಮಾತೊಂದು ಪಟ್ಟಿಗೆ ಸೇರಿತಲ್ಲ!

2014ರಲ್ಲಿ ಪ್ಯಾಟರ್ಸನ್ ಮತ್ತು ಅಪ್‌ಹ್ಯಾಮ್ ಬೋಳು ಮೋಲ್ ರ‍್ಯಾಟ್‌ಗೆ ಹೆಟೆರೊಸೆಫಾಲಿಡೇ ಎಂಬ ಪ್ರತ್ಯೇಕ ಕುಟುಂಬ ಕೊಟ್ಟರು. ಉಳಿದವುಗಳಿಂದ ಅದು ಕವಲೊಡೆದು ಸುಮಾರು 3 ಕೋಟಿ ವರ್ಷವಾಯಿತು ಎಂಬುದು ಒಂದು ವಾದ. ಮೊದಲು ಕವಲೊಡೆದದ್ದು ಅದೇ ಎಂಬುದರಲ್ಲಿ ತಕರಾರಿಲ್ಲ. ಆ ಕೊಂಬೆಗೆ ಕುಟುಂಬ ಅನ್ನಬೇಕೋ, ಉಪಕುಟುಂಬ ಸಾಕೋ ಅನ್ನುವುದಷ್ಟೇ ಜಗಳ. 1981ರಲ್ಲಿ ಜೆನ್ನಿಫರ್ ಜಾರ್ವಿಸ್ ಅದರ ಗೂಡಿನಲ್ಲಿ ಜೇನಿನಂತೆ ರಾಣಿ ಇರುವುದನ್ನು ತೋರಿಸಿದ ಮೇಲೆ ಅದಕ್ಕೆ ಬಂದ ಖ್ಯಾತಿ ಸಣ್ಣದಲ್ಲ. ಯಾರೂ ಕೇಳದ ಪ್ರಾಣಿಗೆ ಇಷ್ಟು ಬೇಗ ಪ್ರತ್ಯೇಕ ಮನೆ ಸಿಗುತ್ತಿತ್ತಾ?

ಈ ಪ್ರಾಣಿಗಳ ಬಗ್ಗೆ ಓದುವವರ ಪಾಡು ಮಾತ್ರ ಬೇರೆ. ರಾಣಿ ಇರುವ ಇನ್ನೊಂದು ಜಾತಿ ನಮೀಬಿಯಾದ ಡಮಾರಾಲ್ಯಾಂಡ್‌ನದು. 1993ರ ಬರಹದಲ್ಲಿ ಅದನ್ನು ಕ್ರಿಪ್ಟೊಮಿಸ್ ಡಮಾರೆನ್ಸಿಸ್ ಎಂದು ಹುಡುಕಬೇಕು, ಈಗಿನದರಲ್ಲಿ ಫುಕೊಮಿಸ್ ಡಮಾರೆನ್ಸಿಸ್ ಎಂದು.